ಚಿಗಟೇರಿಯಲ್ಲಿ ತಗ್ಗುವ ದನಿ

ಬುಧವಾರ ಇಳಿಹೊತ್ತು ಚಿಗಟೇರಿಯ ಅಗಸಿಬಾಗಿಲು ದಾಟುತ್ತಿದ್ದಂತೆ ಬೀರಲಿಂಗೇಶನ ಹೆಂಡತಿಯ ದನಿ ಇದ್ದಕ್ಕಿದ್ದಂತೆ ಸಣ್ಣಗಾಯಿತು. ಹೆಂಡತಿ ಗಾಡಿಯಲ್ಲಿರಲಿಲ್ಲ, ಕೊಟ್ಟೂರಿನ ಮನೆಯಲ್ಲಿದ್ದಳು. ಗಾಡಿಯಲ್ಲಿದ್ದದ್ದು ಅವಳ ದನಿ ಮಾತ್ರ. ಲಗೇಜ್ ಆಟೋದ ತುಂಬ ಪ್ಲಾಸ್ಟಿಕ್ ಕೊಡ, ಬಕೀಟು, ಜರಡಿ, ಕಸಬರಿಗೆ ಹೇರಿಕೊಂಡು ಊರೂರು ತಿರುಗುವ ಬೀರಲಿಂಗೇಶ, ತನ್ನ ಗಂಟಲು ಉಳಿಸಿಕೊಳ್ಳಲು ಹೆಂಡತಿ ಶೃತಿಯಿಂದ ಒಂದು ಕೂಗು ಹಾಕಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದ. ಫೋನು ಅಂಗಿಯ ಜೇಬಿನಲ್ಲಿ, ಬ್ಲೂಟೂತ್ ಸ್ಪೀಕರು ಗಾಡಿಯ ನೆತ್ತಿಯ ಮೇಲೆ. ಅದನ್ನು ಅವನು ಡಬ್ಬಿ ಎನ್ನುತ್ತಿದ್ದ.

"ಬರ್ರಿ ಅಕ್ಕಾರ, ಬರ್ರಿ ತಂಗೇರ, ಕೊಡ ಬಂದಾವು, ಬಕೀಟು ಬಂದಾವು. ಒಡದದ್ದು ತರ್ರಿ, ಹೊಸಾದು ಒಯ್ರಿ."

ಇಷ್ಟೇ ಕೂಗು. ಆದರೆ ಪಕ್ಕದ ಮನೆಯವಳು ಗೋಡೆಯಾಚೆಯಿಂದ ಕರೆದಂತೆ ಇರುತ್ತಿತ್ತು. ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬರುತ್ತಿದ್ದರು. ಬೇರೆ ಗಾಡಿಯವರು ಪೇಟೆಯಿಂದ ತಂದ ಗಂಡುದನಿ ಹಾಕಿಕೊಂಡು ತಿರುಗಿದರೂ ಇವನಷ್ಟು ವ್ಯಾಪಾರ ಅವರಿಗೆ ಆಗುತ್ತಿರಲಿಲ್ಲ.

ಅಂಥ ದನಿ ಚಿಗಟೇರಿಗೆ ಬಂದ ಕೂಡಲೇ ಪಿಸುಪಿಸು ಎನ್ನತೊಡಗುತ್ತಿತ್ತು. ಬೀರಲಿಂಗೇಶ ಜೇಬಿನ ಮೇಲಿಂದಲೇ ಫೋನಿನ ಗುಂಡಿ ಒತ್ತಿದ, ಮತ್ತೆ ಮತ್ತೆ ಒತ್ತಿದ. ಏರಲಿಲ್ಲ. ಸೋಮವಾರ ಕೂಡ್ಲಿಗಿ ಕಡೆಯ ಹಳ್ಳಿಗಳಲ್ಲಿ ಏನೂ ತೊಂದರೆ ಇರಲಿಲ್ಲ. ಮಂಗಳವಾರ ಉಜ್ಜಿನಿಯ ಸುತ್ತಲೂ ಕಿವಿಗಡಚಿಕ್ಕುವಂತೆ ಕೂಗಿತ್ತು. ಬುಧವಾರ ಹರಪನಹಳ್ಳಿ ಕಡೆಯ ಊರುಗಳಲ್ಲೂ ಚೆನ್ನಾಗಿಯೇ ಇತ್ತು. ಕೊನೆಯ ಊರು ಚಿಗಟೇರಿ, ಅಲ್ಲಿಗೆ ಬಂದರೆ ದನಿ ಬಿದ್ದುಹೋಗುತ್ತಿತ್ತು. ಆಮೇಲಿನ ದಿನಗಳಲ್ಲಿ ಅವನು ಕೊಟ್ಟೂರು, ಹಗರಿಬೊಮ್ಮನಹಳ್ಳಿ ಅಂತ ಸಂತೆಗಳಲ್ಲಿ ಕೂರುತ್ತಿದ್ದ, ಅಲ್ಲಿ ಡಬ್ಬಿಯ ಕೆಲಸವಿರಲಿಲ್ಲ. ಎಷ್ಟೋ ವಾರಗಳಿಂದ ಹೀಗೇ ನಡೆದಿತ್ತು.

ಚಿಗಟೇರಿ ಶೃತಿಯ ತವರೂರು. ಅನುಮಾನಕ್ಕೆ ಇನ್ನೇನು ಬೇಕು?

ಬೀರಲಿಂಗೇಶನಿಗೆ ಅನುಮಾನವೆಂಬುದು ಹುಟ್ಟುಗುಣ. ಹೋಟೆಲಿನಲ್ಲಿ ಚಹಾ ನೀರಾಗಿದ್ದರೆ ತನ್ನ ಲೋಟಕ್ಕೇ ಬೇಕೆಂದು ನೀರು ಹಾಕಿದರು ಎನ್ನುವ ಆಸಾಮಿ. ಗಾಡಿ ಪಂಕ್ಚರಾದರೆ ಮೊಳೆ ಎಲ್ಲಿ ಚುಚ್ಚಿತು ಅಂತ ನೋಡುವುದಕ್ಕಿಂತ ಮೊದಲು ಯಾರು ಇಟ್ಟರು ಅಂತ ಯೋಚಿಸುತ್ತಿದ್ದ. ಹೆಂಡತಿಯ ಮೇಲೆ ಮಾತ್ರ ಅವನು ಈವರೆಗೆ ಅನುಮಾನ ಪಟ್ಟಿರಲಿಲ್ಲ. ಅದನ್ನೂ ಪಟ್ಟುಬಿಟ್ಟ.

ಅದಕ್ಕೆ ಅವನ ಹತ್ತಿರ ಕಾರಣಗಳಿದ್ದವು. ಬೇಸಿಗೆಯಲ್ಲಿ ಶೃತಿಯ ಅಣ್ಣ ಅಂಜಿನಿ ಚಿಗಟೇರಿಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಊಟದ ಪಂಕ್ತಿಯಲ್ಲಿ ಬೀಗರ ಪೈಕಿಯ ಒಬ್ಬಳು, "ಬರ್ರಿ ಅಕ್ಕಾರ, ಕೊಡ ಬಂದಾವು" ಎಂದು ಶೃತಿಯ ದನಿಯನ್ನು ಅಣಕಿಸಿದಳು. ಇಡೀ ಪಂಕ್ತಿ ನಕ್ಕಿತು. ಶೃತಿಯೂ ನಕ್ಕಳು, ಆದರೆ ಕೊಟ್ಟೂರಿಗೆ ಮರಳುವಾಗ ದಾರಿಯುದ್ದಕ್ಕೂ ತುಟಿ ಪಿಟಕ್ಕೆನ್ನಲಿಲ್ಲ. ಆ ವಾರವೇ ಅವಳು ಗಂಡನ ಫೋನು ಹಿಡಿದು ಏನೋ ಮಾಡುತ್ತಿದ್ದಳು. ಏನದು ಎಂದು ಕೇಳಿದ್ದಕ್ಕೆ, "ಏನೋ ಅಪ್‌ಡೇಟ್ ಕೇಳಾಕತ್ತಿತ್ರಿ, ಹೂಂ ಅಂದೆ" ಎಂದಿದ್ದಳು. ಅದರ ಮುಂದಿನ ಬುಧವಾರದಿಂದಲೇ ದನಿ ತಗ್ಗತೊಡಗಿತ್ತು. ತವರಿನ ಓಣಿಯಲ್ಲಿ ಕೊಡ ಮಾರುವವನ ಹೆಂಡತಿ ಎನಿಸಿಕೊಳ್ಳಲು ಇವಳಿಗೆ ನಾಚಿಕೆ. ಬಾಯಿಬಿಟ್ಟು ಹೇಳಲಾರಳು, ಅದಕ್ಕೇ ಫೋನಿನಲ್ಲಿ ಏನೋ ಕೈಚಳಕ ಮಾಡಿದ್ದಾಳೆ. ಇದು ಬೀರಲಿಂಗೇಶ ಹೆಣೆದ ಲೆಕ್ಕ.

ಅಂದು ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕೂತಾಗ ಶೃತಿ ರೊಟ್ಟಿ ಬಡಿಸುತ್ತಾ ಕೇಳಿದಳು. "ನಮ್ಮೂರಾಗ ಯಾಪಾರ ಹೆಂಗಾತ್ರಿ?"

"ಯಾಕ ಕೇಳ್ತಿ?"

"ಸುಮ್ನ ಕೇಳಿದ್ನಿ. ಡಬ್ಬಿ ಸರಿ ಐತೇನು?"

ಬೀರಲಿಂಗೇಶನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಕೂಡ್ಲಿಗಿಯ ವ್ಯಾಪಾರ ಕೇಳಲಿಲ್ಲ, ಉಜ್ಜಿನಿಯದು ಕೇಳಲಿಲ್ಲ, ತವರಿನದೇ ಕೇಳಿದಳು. ಅದರ ಹಿಂದೆಯೇ ಡಬ್ಬಿಯ ಸುದ್ದಿ ಎತ್ತಿದಳು. ಕಳ್ಳಿ ತಾನೇ ಬಾಯಿಬಿಡುತ್ತಿದ್ದಾಳೆ ಎಂದುಕೊಂಡ.

"ಡಬ್ಬೀಗೆ ಏನಾಗೈತಿ? ಚಲೋನ ಐತಿ" ಎಂದ. ಅವಳ ಮುಖವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಊಟವಾದ ಮೇಲೆ ಅಂಗಳಕ್ಕೆ ಹೋಗಿ ಡಬ್ಬಿ ಹಚ್ಚಿ ಫೋನಿನ ದನಿ ಏರಿಸಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರಹ ಬಂತು. ಸಾಲ ಬೇಕೇ, ರಮ್ಮಿ ಆಡುತ್ತೀರಾ ಎಂದು ದಿನವಿಡೀ ಏನಾದರೊಂದು ಬರುತ್ತಲೇ ಇರುತ್ತದೆ. ಬಂದದ್ದನ್ನೆಲ್ಲ ನೊಣ ಹೊಡೆದಂತೆ ಓಕೆ ಒತ್ತಿ ಓಡಿಸುವುದು ಅವನ ರೂಢಿ, ಇದನ್ನೂ ಓಡಿಸಿದ. ದನಿ ಓಣಿ ಹಾರಿಹೋಗುವಂತೆ ಏರಿತು. ನೋಡು ಮತ್ತೆ, ಕೊಟ್ಟೂರಿನಲ್ಲಿ ಏರುತ್ತದೆ, ಚಿಗಟೇರಿಯಲ್ಲಿ ಮಾತ್ರ ಏರುವುದಿಲ್ಲ. ಅವನ ತಲೆಯೊಳಗಿನ ಹುಳ ಇನ್ನಷ್ಟು ಜೋರಾಗಿ ಕೊರೆಯತೊಡಗಿತು.

ಮುಂದಿನ ವಾರ ಒಂದು ಉಪಾಯ ಹೂಡಿದ. ಫೋನಿನ ಬೀಗ ಬದಲಿಸಿದ, ರಾತ್ರಿ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ. ಬುಧವಾರ ಹೊರಡುವಾಗ, "ಇವತ್ತು ಹಡಗಲಿ ಕಡೆ, ಹೊಳಲಿಗೆ ಹೊಂಟೀನಿ" ಎಂದು ಸುಳ್ಳು ಹೇಳಿದ. ಶೃತಿಯ ಮುಖ ಸ್ವಲ್ಪ ಸಣ್ಣದಾಯಿತು. ಅದನ್ನೂ ಅವನು ಲೆಕ್ಕಕ್ಕೆ ಹಿಡಿದ. ಹೊರಟವನು ಎಂದಿನ ದಾರಿ ಹಿಡಿದು, ಎಂದಿನ ಊರುಗಳನ್ನು ಮುಗಿಸಿ, ಎಂದಿನ ಹೊತ್ತಿಗೆ ಚಿಗಟೇರಿಗೆ ಬಂದ. ಅಗಸಿ ದಾಟಿತು, ದನಿ ತಗ್ಗಿತು.

ಬುದ್ಧಿ ನೆಟ್ಟಗಿರುವವನಾಗಿದ್ದರೆ ಹೆಂಡತಿಯದೇನೂ ತಪ್ಪಿಲ್ಲ ಎಂದು ಅಲ್ಲಿಗೆ ಬಿಡುತ್ತಿದ್ದ. ಬೀರಲಿಂಗೇಶ ಹಾಗೆ ಬಿಡುವವನೇ? ಫೋನಿಗೆ ಊರು ಗೊತ್ತಾಗುತ್ತದೆ, ಮ್ಯಾಪು ಎಂಬುದೊಂದು ಇರುತ್ತದೆ, ಚಿಗಟೇರಿ ಬಂದ ಕೂಡಲೇ ತಗ್ಗಬೇಕು ಎಂದು ಇವಳು ಅದಕ್ಕೆ ಹೇಳಿಟ್ಟಿದ್ದಾಳೆ ಎಂದುಕೊಂಡ. ಪಿಯುಸಿ ಓದಿದವಳನ್ನು ಕಟ್ಟಿಕೊಂಡದ್ದೇ ತಪ್ಪಾಯಿತು ಎಂದೂ ಅನಿಸಿತು.

ಅಂಜಿನಿಯ ಹೊಸ ಮನೆಯ ಕಟ್ಟೆಯ ಮೇಲೆ ಅತ್ತೆ ಮೈಲಮ್ಮ ಕೂತಿದ್ದಳು. ಕಣ್ಣು ಮಂದವಾಗಿತ್ತು, ಕಿವಿಯೂ ಅಷ್ಟಕ್ಕಷ್ಟೆ. ಫೋನು ಕಿವಿಗಿಟ್ಟರೆ ಅವಳಿಗೆ ಬರೀ ಗುಂಯ್ ಎನ್ನುತ್ತಿತ್ತು. ಬುಧವಾರ ಗಾಡಿ ಬಂದಾಗ ಡಬ್ಬಿಯೊಳಗಿಂದ ಬರುವ ಮಗಳ ದನಿಯೊಂದೇ ಅವಳಿಗೆ ಸ್ಪಷ್ಟವಾಗಿ ಕೇಳುತ್ತಿದ್ದದ್ದು. ಗಾಡಿ ಮುಂದೆ ಬಂದು ನಿಂತ ಮೇಲೆಯೇ ಅವಳಿಗೆ ಬಂದದ್ದು ತಿಳಿಯಿತು.

"ಬೀರಲಿಂಗಪ್ಪ ಏನೋ? ನಮ್ಮ ಶೃತಿ ದನಿ ಯಾಕ ಬರವಲ್ದು ಈಗೀಗ? ಕೇಳಾಕಂತನ ಕುಂತಿರತೀನಿ."

ಬೀರಲಿಂಗೇಶನಿಗೆ ಮೈಯೆಲ್ಲ ಉರಿಯಿತು. ತಡೆದುಕೊಳ್ಳಬೇಕಿತ್ತು, ತಡೆದುಕೊಳ್ಳಲಿಲ್ಲ. ಅವಳ ಕಿವಿಯ ಹತ್ತಿರವೇ ಬಗ್ಗಿ ಹೇಳಿದ. "ನಿಮ್ಮ ಮಗಳನ್ನ ಕೇಳ್ರಿ ಅತ್ತಿ. ಆಕೀಗೆ ನಿಮ್ಮೂರಾಗ ಒದರಾಕ ನಾಚಿಕಿ ಅಂತ. ಆಕೀನ ತಗ್ಗಿಸಿ ಇಟ್ಟಾಳ."

ಮೈಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ಒಳಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ಅಂಜಿನಿ ತಂಗಿಯ ಗಂಡನನ್ನು ದಿಟ್ಟಿಸಿ ನೋಡಿದ, ನೀರು ಕುಡಿಯಿರಿ ಅಂತಲೂ ಅನ್ನಲಿಲ್ಲ.

ಕೊಟ್ಟೂರು ಮುಟ್ಟಿದ ಬೀರಲಿಂಗೇಶ ನೇರ ಮನೆಗೆ ಹೋಗದೆ ಬಸ್ ಸ್ಟ್ಯಾಂಡಿನ ಹತ್ತಿರದ ಅಮ್ಜದನ ಮೊಬೈಲ್ ಅಂಗಡಿಗೆ ಹೋದ. ಅಮ್ಜದ್ ಅವನ ಜೊತೆ ಶಾಲೆ ಕಲಿತವನು. ಸಾಕ್ಷಿ ಸಮೇತ ಹೆಂಡತಿಯನ್ನು ಹಿಡಿಯಬೇಕೆಂದು ಬೀರಲಿಂಗೇಶನ ಆಸೆ.

"ಲೇ ಅಮ್ಜದ್, ಇದರಾಗ ಚಿಗಟೇರಿ ಅಂತ ಎಲ್ಲಿ ಬರದೈತಿ, ತಗದು ತೋರ್ಸು."

ಅಮ್ಜದ್ ಫೋನು ತೆಗೆದುಕೊಂಡ, ಡಬ್ಬಿಗೆ ಜೋಡಿಸಿ ದನಿ ಏರಿಸಿದ. ಇಂಗ್ಲಿಷ್ ಬರಹ ಮೂಡಿತು. ಬೀರಲಿಂಗೇಶನ ಬೆರಳು ಅಭ್ಯಾಸಬಲದಿಂದ ಮುಂದೆ ಬಂತು. ಅಮ್ಜದ್ ಅದನ್ನು ತಳ್ಳಿ ಬರಹ ಓದಿದ.

"ಚಿಗಟೇರಿ ಇಲ್ಲ, ಏನೂ ಇಲ್ಲ. ನೀನು ಬಾಳ ಹೊತ್ತು ಜೋರಾಗಿ ಕೇಳೀಯಂತ. ನಿನ್ನ ಕಿವಿ ಹಾಳಾಗಬಾರದು ಅಂತ ದನಿ ತಗ್ಗಿಸೀನಿ ಅಂತೈತಿ."

"ನನ್ನ ಕಿವೀನ?"

"ಹೂಂ. ಇದು ನಿನ್ನ ಡಬ್ಬೀನ ಕಿವ್ಯಾಗ ಇಟ್ಕಣಾದು ಅಂತ ತಿಳಕಂಡೈತಿ. ಸೋಮವಾರದಿಂದ ನೀನು ಹಚ್ಚಿದ್ದನ್ನೆಲ್ಲಾ ಕೂಡಿಸ್ತಾ ಬರತೈತಿ, ಒಂದು ಮಿತಿ ದಾಟಿದ ಕೂಡ್ಲೇ ತಗ್ಗಸ್ತೈತಿ. ನೀನು ಪರದಿ ಮ್ಯಾಗ ಓಕೆ ಒತ್ತೋತನಕ ಮತ್ತೆ ಏರಂಗಿಲ್ಲ. ಆ ಹೊತ್ತಿಗೆ ನೀನು ಚಿಗಟೇರ್ಯಾಗ ಇರ್ತಿ, ಅಷ್ಟ. ಹೊಸಾ ಅಪ್‌ಡೇಟಿಂದ ಹಿಂಗಾಗೈತಿ."

ಅವನು ಸೆಟ್ಟಿಂಗಿನಲ್ಲಿ ಎಲ್ಲೋ ಹೋಗಿ ಇಯರ್‌ಫೋನ್ ಎಂದಿದ್ದದ್ದನ್ನು ಸ್ಪೀಕರ್ ಎಂದು ಬದಲಿಸಿಕೊಟ್ಟ. ಬೀರಲಿಂಗೇಶನ ಎದೆಯ ಮೇಲಿನ ಗುಂಡುಕಲ್ಲು ಇಳಿದಂತಾಯಿತು. ನಾಚಿಕೆಯೂ ಆಯಿತು. ಆದರೆ ಸಂತೋಷವೇ ಹೆಚ್ಚಾಗಿ, ನಿಂತ ಕಾಲಲ್ಲೇ ಅಂಜಿನಿಗೆ ಫೋನು ಹಚ್ಚಿದ. "ಅಂಜಿನಿ, ಅದು ಫೋನಿಂದು ತಪ್ಪಪ್ಪಾ. ಅತ್ತೀಗೆ ಹೇಳು, ಬರೋ ಬುಧವಾರ ಮಗಳ ದನಿ ಮದ್ಲಿಗಿಂತ ಜೋರು ಕೇಳತೈತಿ ಅಂತ." ಆ ಕಡೆಯಿಂದ ಅಂಜಿನಿ ಹೂಂ ಎಂದಷ್ಟೇ ಹೇಳಿ ಇಟ್ಟ.

ಮನೆಯಲ್ಲಿ ಶೃತಿ ದೀಪ ಹಾಕಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಅವಳು ಅತ್ತಿದ್ದು ಗೊತ್ತಾಗುತ್ತಿತ್ತು. ಬೀರಲಿಂಗೇಶ ನಗುನಗುತ್ತಲೇ ಅಮ್ಜದ್ ಹೇಳಿದ್ದನ್ನೆಲ್ಲ ಒಪ್ಪಿಸಿದ. ಫೋನಿಗೆ ತನ್ನ ಕಿವಿಯ ಮೇಲೆ ಎಷ್ಟು ಕಾಳಜಿ ಎಂದು ತಮಾಷೆಯನ್ನೂ ಮಾಡಿದ. ಅವಳು ಪೂರ್ತಿ ಕೇಳಿದಳು.

"ಅಣ್ಣ ಫೋನ್ ಮಾಡಿದ್ದ" ಎಂದಳು. "ಬರೇ ಇವತ್ತಲ್ಲ, ಬಾಳ ದಿನದಿಂದ ಮಾಡ್ತಾನ. ನಿನ್ನ ಗಂಡ ನಮ್ಮೂರಿಗೆ ಬಂದ್ರ ಬೇಕಂತನ ದನಿ ತಗ್ಗಸ್ತಾನ, ಗೃಹಪ್ರವೇಶದಾಗ ನಕ್ಕಿದ್ದು ಮನಸಿನ್ಯಾಗ ಇಟ್ಕಂಡಾನ ಅಂತಿದ್ದ. ನಾನು, ಅವ್ರು ಅಂಥೋರಲ್ಲ, ಡಬ್ಬಿ ಕೆಟ್ಟಿರಬೇಕು ಅಂತಿದ್ದೆ. ಅದಕ್ಕ ನಿಮ್ಮನ್ನ ಡಬ್ಬಿ ಸರಿ ಐತೇನು ಅಂತ ಕೇಳಿದ್ದು."

ಬೀರಲಿಂಗೇಶನ ನಗು ನಿಂತಿತು.

"ದನಿ ತಗ್ಗಿಸಿದ್ದು ಫೋನು, ಖರೆ. ತಗ್ಗಿಸಿದಾಕಿ ನಾನು ಅಂತ ನಿಮಗ ಯಾರು ಹೇಳಿದ್ರು? ಅದನ್ನೂ ಫೋನ ಹೇಳ್ತೇನು? ನಮ್ಮವ್ವನ ಮುಂದ ಹೋಗಿ ಅಂದು ಬಂದ್ರಲ್ಲ, ಆಕಿ ಹೊತ್ತು ಮುಣುಗೋತನಕ ಅತ್ತಾಳಂತ."

ತಪ್ಪಾಯಿತು ಎನ್ನುವ ಬದಲು ಅವನು ಫೋನನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. ಶೃತಿ ಕೈ ಚಾಚಿದಳು. ಅವನು ಫೋನು ಕೊಟ್ಟ. ಬೀಗ ಬದಲಿಸಿದ್ದು ಅವಳಿಗೆ ಆಗ ತಿಳಿಯಿತು. ಫೋನನ್ನು ಹಾಗೆಯೇ ಹಿಡಿದು ಅವನ ಮುಖ ನೋಡಿದಳು. ಅವನು ತಲೆ ತಗ್ಗಿಸಿ ಬೀಗ ತೆಗೆದುಕೊಟ್ಟ. ಅವಳು ತನ್ನ ಕೂಗನ್ನು ಹುಡುಕಿ, ಮತ್ತೆ ಎಲ್ಲಿಂದಲೂ ತೆಗೆಯಲಾಗದಂತೆ ಅಳಿಸಿದಳು.

"ಪ್ಯಾಟ್ಯಾಗ ಯಾರದಾದ್ರೂ ದನಿ ಸಿಗತೈತಿ, ಹಾಕಿಸ್ಕರ್ರಿ. ಹೋಗ್ಲಿ ಬರ್ರಿ, ಉಣ್ಣಾಕ ಹಾಕ್ತೀನಿ" ಎಂದು ಎದ್ದು ಒಳಗೆ ಹೋದಳು. ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ವಾರ ಅವನು ಅವಳನ್ನು ಒಲಿಸಲು ಏನೇನೋ ಮಾಡಿದ. ಮೈಸೂರುಪಾಕು ತಂದ, ತಾನೇ ನೀರು ತುಂಬಿದ, ಸುಮ್ಮಸುಮ್ಮನೆ ಅವಳ ಹಿಂದೆ ಮುಂದೆ ಸುಳಿದಾಡಿದ. ಅವಳು ಎಲ್ಲದಕ್ಕೂ ಸರಿಯಾಗಿಯೇ ಮಾತಾಡಿದಳು. ಕೂಗಿನ ಮಾತೆತ್ತಿದರೆ ಮಾತ್ರ ಬೇರೆ ಕಡೆ ನೋಡುತ್ತಿದ್ದಳು. ಪೇಟೆಯ ದನಿ ಹಾಕಿಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಸೋಮವಾರದಿಂದ ತಾನೇ ಕೂಗುತ್ತಾ ತಿರುಗಿದ. ಬುಧವಾರದ ಹೊತ್ತಿಗೆ ಗಂಟಲು ಹರಿದು ಯಾರದೋ ದನಿಯಾಗಿತ್ತು.

ಚಿಗಟೇರಿಗೆ ಹೋಗದಿರುವುದೇ ಒಳ್ಳೆಯದು ಎಂದು ದಾರಿಯುದ್ದಕ್ಕೂ ಅನಿಸಿತು. ಆದರೆ ಹೋಗದಿದ್ದರೆ ಅದಕ್ಕೂ ಒಂದು ಅರ್ಥ ಕಟ್ಟುತ್ತಾರೆ, ಈಗ ಅದೂ ಅವನಿಗೆ ಗೊತ್ತಿತ್ತು. ಅಗಸಿ ದಾಟಿದ. ಕೊಡ, ಬಕೀಟು ಎಂದು ಒಡೆದ ಗಂಟಲಲ್ಲಿ ಕೂಗುತ್ತಾ ಅಂಜಿನಿಯ ಓಣಿಗೆ ತಿರುಗಿದ. ಮೈಲಮ್ಮ ತಲೆ ಬಾಚಿ, ಒಗೆದ ಸೀರೆ ಉಟ್ಟು ಕಟ್ಟೆಯ ತುದಿಗೆ ಬಂದು ಕೂತಿದ್ದಳು. ಪಕ್ಕದ ಮನೆಯ ಇಬ್ಬರು ಹೆಂಗಸರನ್ನೂ ಕೂರಿಸಿಕೊಂಡಿದ್ದಳು. ಗಾಡಿ ಹತ್ತಿರ ಬಂದದ್ದೇ ಅವಳು ಬೇಸರದಿಂದ ಕೈ ಬೀಸಿದಳು.

"ಯಪ್ಪಾ, ಯಾರಪಾ ನೀನು? ಒಂಚೂರು ಸಣ್ಣಕ ಒದರೋ. ನಮ್ಮ ಮಗಳ ದನಿ ಬರೋ ಹೊತ್ತಿದು, ನಿನ್ನ ಗದ್ಲದಾಗ ನನಗ ಕೇಳ್ಸಂಗಿಲ್ಲ."

ಪಕ್ಕದ ಹೆಂಗಸರು ಅವನ ಗುರುತು ಹಿಡಿದು ಬಾಯಿ ತೆರೆಯಲು ಹೋದರು. ಬೀರಲಿಂಗೇಶ ಬೇಡವೆಂದು ಕೈ ಮಾಡಿ ಗಾಡಿ ಬಂದ್ ಮಾಡಿದ. ಓಣಿ ಸುಮ್ಮನಾಯಿತು. ಮೈಲಮ್ಮ ಕಿವಿಯ ಹಿಂದೆ ಅಂಗೈ ಹಿಡಿದುಕೊಂಡು, ಅಗಸಿಯ ಕಡೆ ಮುಖ ಮಾಡಿ ಕೂತಳು.