ಬಯೂಮಿಯ ಅಂಗಡಿಗೆ ಗಿರಾಕಿ ಬೇಕು

ಶಟರ್ ಅರ್ಧಕ್ಕೆ ಸಿಕ್ಕಿಕೊಂಡಿತು. ಸನಿಯ್ಯ ಕಪ್ಪು ಉಡುಪಿನ ತೋಳು ಮೇಲಕ್ಕೆ ಸರಿಸಿ, ಹೆಗಲು ಕೊಟ್ಟು ನೂಕಿದಳು. ಗಂಡ ಬಯೂಮಿಯ ಶವ ಹೊತ್ತವರು ಟ್ರಾಮ್ ಹಳಿ ದಾಟಿ ಕಬರಸ್ತಾನದ ಕಡೆ ತಿರುಗಿದ್ದು ಈಗಷ್ಟೇ.

"ಏ ಸನಿಯ್ಯ, ತಲೆ ಕೆಟ್ಟಿದೆಯಾ?" ಮೇಲಿನ ಬಾಲ್ಕನಿಯಿಂದ ನೆರೆಯವಳು ಕೂಗಿದಳು. "ಹೆಣ ಹೊರಟು ಗಳಿಗೆ ಆಗಿಲ್ಲ, ಅಂಗಡಿ ತೆಗೀತೀಯಲ್ಲೇ!"

"ತೆಗೀದೆ ಇದ್ರೆ ನಾಳೆಯಿಂದ ನಿನ್ನ ಮನೇಲಿ ಜಾಗ ಕೊಡ್ತೀಯಾ?"

ಬಾಲ್ಕನಿಯ ಬಾಗಿಲು ಮುಚ್ಚಿಕೊಂಡಿತು.

ಕರ್ಮೂಸ್ ಬಡಾವಣೆಯ ಆ ಗಲ್ಲಿಯಲ್ಲಿ ಸಾವಾದ ಮನೆಯವರು ನಲವತ್ತು ದಿನ ಟಿವಿ ಹಾಕುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಹಳೇ ಬಾಡಿಗೆಯ ಕಾನೂನೂ ಗೊತ್ತಿತ್ತು. ಬಾಡಿಗೆದಾರ ಸತ್ತ ಮೇಲೆ ಹೆಂಡತಿಗೆ ಅಂಗಡಿ ಉಳಿಯಬೇಕಾದರೆ ಅಲ್ಲಿ ಅದೇ ವ್ಯಾಪಾರ ನಡೆಯುತ್ತಿರಬೇಕು. ಹೋದ ವರ್ಷ ಚಪ್ಪಲಿ ಹೊಲಿಯುವವನ ಹೆಂಡತಿ ನಲವತ್ತು ದಿನ ಬಾಗಿಲು ಹಾಕಿ ಶೋಕ ಮಾಡಿದಳು. ಮರುದಿನ ಬಂದು ನೋಡಿದರೆ ಬೀಗ ಬೇರೆಯದಿತ್ತು. ವ್ಯಾಪಾರ ನಿಂತೇಹೋಗಿತ್ತು ಎಂದು ಕಟ್ಟಡದ ಒಡೆಯ ಹಾಜಿ ದಸೂಕಿ ಕೋರ್ಟಿನಲ್ಲಿ ಹೇಳಿದ. ಗಲ್ಲಿಯ ಇಬ್ಬರು ಹೌದೆಂದರು. ಅವಳೀಗ ಟ್ರಾಮ್ ನಿಲ್ದಾಣದಲ್ಲಿ ಕಾಗದದ ಕರವಸ್ತ್ರ ಮಾರುತ್ತಾಳೆ.

ಸನಿಯ್ಯಳಿಗೆ ಮಕ್ಕಳಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ. ಒಳಗೆ ಹೋಗಿ ಸ್ವಿಚ್ ಒತ್ತಿದಳು. ಒಂದೊಂದಾಗಿ ವಿಡಿಯೋ ಆಟದ ಪರದೆಗಳು ನೀಲಿಯಾದವು.

*

ಮದುವೆಯ ಮರುವರ್ಷ ಬಯೂಮಿ ಅವಳ ಬಳೆ ಮಾರಿ ಬೂದು ಬಣ್ಣದ ಪ್ಲೇಸ್ಟೇಷನ್ ತಂದು, ಗಂಟೆಗಿಷ್ಟು ಎಂದು ಹುಡುಗರಿಗೆ ಆಡಲು ಕೊಟ್ಟಿದ್ದ. ಗಲ್ಲಿಯ ಮುದುಕರು ಅದನ್ನೂ ಅತಾರಿ ಎಂದೇ ಕರೆದರು. ಅವರು ಕಂಡಿದ್ದ ಮೊದಲ ಆಟದ ಪೆಟ್ಟಿಗೆಯ ಹೆಸರು ಅದು. ಬೆಳಗಿನಿಂದ ಸಂಜೆಯವರೆಗೆ ತಿರುಗಿ ತಿರುಗಿ ಸವೆದು, ಅದು ಸಿಡಿ ಓದುವುದನ್ನು ನಿಲ್ಲಿಸಿತು. ಬಯೂಮಿ ಪೆಟ್ಟಿಗೆಯನ್ನು ಕವುಚಿ ಹಾಕಿದ. ಓಡಿತು. ಪಕ್ಕದ ಗಲ್ಲಿಯವರು ಬಂದು ನೋಡಿ ತಮ್ಮವನ್ನೂ ಕವುಚಿಕೊಂಡರು.

ಆಮೇಲೆ ಎರಡನೆಯದು, ಕಪ್ಪು ಬಣ್ಣದ ಪೆಟ್ಟಿಗೆ ಬಂತು. ಹುಡುಗರು ಶಾಲೆ ಬಿಟ್ಟು ಬಂದರು, ಹಿಂದೆಯೇ ತಾಯಂದಿರು ಚಪ್ಪಲಿ ಹಿಡಿದು ಬಂದರು.

"ನನ್ ಮಗನ್ನ ಹಾಳು ಮಾಡ್ದೆ ಕಣೋ ಬಯೂಮಿ!"

"ನಿನ್ ಗಂಡನೂ ಒಳಗೇ ಇದಾನೆ. ಇಬ್ಬರನ್ನೂ ಕರ್ಕೊಂಡು ಹೋಗು."

ಮೂರನೆಯದು ಬರುವ ಹೊತ್ತಿಗೆ ಅದು ಮನೆಮನೆಯಲ್ಲೂ ಇತ್ತು. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಕುರ್ಚಿಗಳು ಖಾಲಿಯಾದವು. ಕೊನೆಯ ವರ್ಷಗಳಲ್ಲಿ ಬಯೂಮಿ ಒಬ್ಬನೇ ಕೂತು ಒಂದು ಜಾಯ್‌ಸ್ಟಿಕ್ ಕೈಯಲ್ಲಿ, ಇನ್ನೊಂದು ತೊಡೆಯ ಮೇಲಿಟ್ಟುಕೊಂಡು ಫುಟ್‌ಬಾಲ್ ಆಟದ ಎರಡೂ ತಂಡ ಆಡಿಸುತ್ತಿದ್ದ. ಹಾಜಿ ಹಾದುಹೋಗುವಾಗ ಅಂಗಡಿ ನಡೆಯುತ್ತಿರುವುದು ಕಾಣಬೇಕಿತ್ತು. ನಿನ್ನೆ ಮಧ್ಯಾಹ್ನ ಎದೆ ಹಿಡಿದುಕೊಂಡು ಬಿದ್ದದ್ದೂ ಅದೇ ಕುರ್ಚಿಯಿಂದ.

*

ಮಣ್ಣು ಕೊಟ್ಟು ಬಂದವರು ಗಲ್ಲಿಯಲ್ಲಿ ಹಾಕಿದ್ದ ಕುರ್ಚಿಗಳಲ್ಲಿ ಕೂತರು. ಕುರಾನ್ ಪಠಣ ಶುರುವಾಯಿತು. ಸಕ್ಕರೆ ಇಲ್ಲದ ಕಾಫಿ ಬಂತು. ಬಯೂಮಿಯ ತಮ್ಮ ಫತ್ಹಿ ಅಂಗಡಿಯ ಬೆಳಕು ಕಂಡು ಎದ್ದು ಬಂದ. ಅವನ ಉಗುರುಗಳಲ್ಲಿ ಮಣ್ಣಿತ್ತು.

"ಆರಿಸು ಅತ್ತಿಗೆ. ಜನ ನೋಡ್ತಿದಾರೆ."

"ಹಾಜಿಯೂ ನೋಡ್ಲಿ. ಅದಕ್ಕೇ ಹಾಕಿರೋದು."

"ಅಣ್ಣನ ಮೇಲಿನ ಮಣ್ಣು ಇನ್ನೂ ಆರಿಲ್ಲ!"

"ನಿಮ್ಮಣ್ಣನಿಗೆ ಜಾಗ ಸಿಕ್ತು ಫತ್ಹಿ. ನಂಗೆ?"

ಅವನು ಉಗುರಿನ ಮಣ್ಣು ಕೆದಕುತ್ತ ಪಕ್ಕಕ್ಕೆ ಸರಿದ.

ಅವಳು ಹೊಸ್ತಿಲಿಗೆ ಬಂದು ಅಶ್ರಫನನ್ನು ಕರೆದಳು. ಚಿಕ್ಕಂದಿನಲ್ಲಿ ಅಲ್ಲೇ ಆಡಿ ಬೆಳೆದವನು ಅವನು, ಈಗ ಮಿನಿಬಸ್ ಓಡಿಸುತ್ತಾನೆ. "ಬಾ ಮಗನೇ, ಒಂದೇ ಒಂದು ಆಟ. ಸದ್ದು ಪೂರಾ ತೆಗೆದಿದೀನಿ."

"ಬೇರೆ ಏನಾದ್ರೂ ಕೇಳು ಚಿಕ್ಕಮ್ಮ, ಮಾಡ್ತೀನಿ." ಅಶ್ರಫ್ ಕಾಫಿ ಲೋಟ ನೋಡುತ್ತ ಹೇಳಿದ. "ಕುರಾನ್ ನಡೀತಿರುವಾಗ ಇದೊಂದು ಆಗಲ್ಲ."

"ನಿಮ್ಮಮ್ಮ ಹೊಡೆಯೋಕೆ ಬಂದಾಗ ನಿನ್ನ ನನ್ನ ಮಂಚದ ಕೆಳಗೆ ಬಚ್ಚಿಟ್ಟಿದ್ದೆ ಕಣೋ."

ಅಶ್ರಫ್ ಉಳಿದ ಕಾಫಿ ಒಂದೇ ಗುಟುಕಿಗೆ ಮುಗಿಸಿದ. ಪಕ್ಕದವರು ಕುರ್ಚಿ ಆಚೆ ಸರಿಸಿಕೊಂಡರು.

ಹಾಜಿ ದಸೂಕಿ ಬಂದದ್ದು ಆಗ. ಎಲ್ಲರ ಕೈ ಮುಟ್ಟಿ, ಕಾಫಿ ಕುಡಿದು, ಅಂಗಡಿಯ ಮುಂದೆ ನಿಂತ. ಅವನ ಹಿಂದಿದ್ದ ಆಳಿನ ಕೈಯಲ್ಲಿ ಹೊಸ ಬೀಗ. ಅದಕ್ಕಿನ್ನೂ ಪ್ಲಾಸ್ಟಿಕ್ ಸುತ್ತಿತ್ತು.

"ಅವನ ಉಳಿದ ಆಯುಸ್ಸು ನಿನಗೆ ಬರಲಿ ಮಗಳೇ. ಒಳ್ಳೆಯವನು. ಇದೇನು, ಯಾರು ಆಡ್ತಿದಾರೆ?"

"ಅಂಗಡಿ ತೆರೆದಿದೆ ಹಾಜಿ."

"ಬಾಗಿಲು ತೆರೆದಿದೆ. ಗಿರಾಕಿ ಎಲ್ಲಮ್ಮ? ಗಿರಾಕಿ ಇಲ್ಲದ್ದನ್ನ ವ್ಯಾಪಾರ ಅಂತಾರಾ? ಈ ಜನಾನೇ ಕೇಳೋಣ."

ಕುರ್ಚಿಗಳಲ್ಲಿದ್ದವರು ಕುರಾನ್ ಪಠಣದ ಕಡೆ ತಿರುಗಿ ಕೂತರು.

ಫತ್ಹಿ ಬೀಗ ನೋಡಿದ. ಚಪ್ಪಲಿ ಕಳಚಿ, ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಅಣ್ಣನ ಕುರ್ಚಿಯಲ್ಲಿ ಕೂತ. ಸನಿಯ್ಯ ಪಕ್ಕದ ಕುರ್ಚಿಯಲ್ಲಿ ಕೂತಳು. ಇಬ್ಬರೂ ಒಂದೊಂದು ಜಾಯ್‌ಸ್ಟಿಕ್ ಎತ್ತಿಕೊಂಡರು. ಪರದೆಯ ಮೇಲೆ ಹಸಿರು ಮೈದಾನ ಮೂಡಿತು.

"ಯಾವುದು ಒತ್ತಬೇಕು?" ಫತ್ಹಿ ಪಿಸುಗುಟ್ಟಿದ.

"ನಂಗೇನು ಗೊತ್ತು? ಇಷ್ಟು ವರ್ಷ ಚಹಾ ಕೊಟ್ಟೆ, ಕಸ ಗುಡಿಸಿದೆ."

"ಏನಾದ್ರೂ ಒತ್ತು ಅತ್ತಿಗೆ."

"ಒತ್ತುತಾನೇ ಇದೀನಿ."

ಹಾಜಿ ಶೋಕದ ಕುರ್ಚಿಯೊಂದನ್ನು ಎಳೆಸಿಕೊಂಡು ಆಟ ಮುಗಿಯುವುದನ್ನು ಕಾಯುತ್ತ ಹೊಸ್ತಿಲಲ್ಲಿ ಕೂತ, ಬೀಗವನ್ನು ತೊಡೆಯ ಮೇಲಿಟ್ಟುಕೊಂಡ. ಪರದೆಯಲ್ಲಿ ಎರಡೂ ತಂಡಗಳು ಕೈ ಸೊಂಟದ ಮೇಲಿಟ್ಟು ನಿಂತಿದ್ದವು. ಚೆಂಡು ನಡುಗೆರೆಯ ಮೇಲಿತ್ತು. ಪರದೆಯ ಮೂಲೆಯಲ್ಲಿ ಆಟದ ಗಡಿಯಾರ ಇನ್ನೂ ಸೊನ್ನೆ ತೋರಿಸುತ್ತಿತ್ತು.