ಗುಡ್ಡದ ಮೇಲೊಂದು ತಂಪು ಕೋಣೆ

ಇಂಜಿನಿಯರ್ ಅರುಣಕುಮಾರ ನಕ್ಷೆ ಬಿಡಿಸಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ಗಜೇಂದ್ರಗಡದ ಗುಡ್ಡದ ಮೇಲೆ, ಪಶ್ಚಿಮಕ್ಕೆ ಹನ್ನೆರಡಡಿ ಗಾಜಿನ ಗೋಡೆ! ಒಳಗೆ ನಾಲ್ಕು ಎಸಿ.

"ಇದು ಮನಿ ಅಲ್ಲರಿ, ಒಲಿ," ಎಂದೆ.

"ಗೌಂಡಿ ಪ್ರಬುದ್ಧ, ನೀ ಎಷ್ಟನೇತ್ತಾ ಕಲ್ತಿ?" ಎಂದ ಆತ.

"ಏಳನೇತ್ತಾ. ಬಿಸಲು ಯಾವ ಕಡಿಂದ ಹೊಡಿತೈತಿ ಅನ್ನಾಕ ಅಷ್ಟು ಸಾಕ್ರಿ."

ಮನೆ ಕಟ್ಟಿಸುವವರು ಮಹಾದೇವಪ್ಪನವರು. ಊರಲ್ಲಿ ಅವರವು ಹನ್ನೆರಡು ಕೈಮಗ್ಗ. ಅಣ್ಣತಮ್ಮಂದಿರ ಮೂರೂ ಸಂಸಾರ ರಜೆಗೆ ಒಂದೆಡೆ ಕೂಡಲೆಂದು ಈ ಮನೆ. ಅಲ್ಲೇ ನಿಂತಿದ್ದ ಅವರು ನಗಲಿಲ್ಲ.

"ಪ್ರಬುದ್ಧ, ಬಾಯಿ ಭಾಳ ಆತು. ನಿನ್ನ ತಲ್ಯಾಗ ಇದ್ದಂಗ ಒಂದು ಕೋಣಿ ಕಟ್ಟು. ಬ್ಯಾಸಗ್ಯಾಗ ನಮ್ಮವ್ವನ್ನ ಅದರಾಗ ಕುಂದರಸ್ತೀನಿ. ಆಕಿ ಫ್ಯಾನ್ ಕೇಳಿದ್ಲಂದ್ರ ಇಂಜಿನೇರ್ ಹೇಳಿದಂಗ ಮಾಡಬೇಕು, ತುಟಿ ಬಿಚ್ಚಬಾರದು."

"ಕೇಳಲಿಲ್ಲಂದ್ರ?"

"ಇಡೀ ಮನಿ ನೀ ಹೇಳಿದಂಗ."

ಎಂಟು ವರ್ಷ ನೇಕಾರರ ಓಣಿಯಲ್ಲಿ ಗೋಡೆ ರಿಪೇರಿ ಮಾಡಿದವನು ನಾನು. ಹೊರಗೆ ನೆಲ ಕಾದ ಹಂಚಾಗಿದ್ದರೂ ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಇಳಿಬಿಟ್ಟ ಕಾಲು ತಣ್ಣಗಿರುತ್ತದೆ. ಆ ಕುಣಿಯನ್ನೇ ಕೋಣೆಯಷ್ಟು ಮಾಡಿದೆ. ಇಳಿಜಾರನ್ನು ನಾಲ್ಕಡಿ ಕಡಿದೆ. ಬಂದ ಕಲ್ಲಿನಿಂದಲೇ ಎರಡಡಿ ದಪ್ಪ ಗೋಡೆ. ಪಶ್ಚಿಮಕ್ಕೆ ಕಿಟಕಿಯೇ ಇಲ್ಲ. ಉತ್ತರಕ್ಕೆ ತಗ್ಗಿನಲ್ಲೊಂದು ಕಿಂಡಿ, ಒಳಬರುವ ಗಾಳಿ ತೇವವಾಗಲೆಂದು ಅದರ ಮುಂದೆ ನೀರು ತುಂಬಿದ ಎರಡು ಮಣ್ಣಿನ ಹರವಿ. ಬಿಸಿಗಾಳಿ ಹೋಗಲು ಮಣ್ಣಿನ ಮಾಳಿಗೆಯಲ್ಲೊಂದು ಬೆಳಕಿಂಡಿ. ದೀಪಕ್ಕೆ ಒಂದೇ ಸೋಲಾರ್ ಹಲಗೆ.

ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ಮಹಾದೇವಪ್ಪನವರ ತಾಯಿ ವೀರವ್ವ ಮೆಟ್ಟಿಲಿಳಿದು ಒಳಗೆ ಕುಳಿತರು. ನಾವು ಹೊರಗೆ ನಿಂತೆವು. ಅರ್ಧ ತಾಸಾಯಿತು, ಒಂದು ತಾಸಾಯಿತು. ಇಂಜಿನಿಯರನ ಅಂಗಿ ಬೆನ್ನಿಗಂಟಿತ್ತು. ಒಳಗಿನಿಂದ ಸದ್ದೇ ಇಲ್ಲ. ತಡೆಯಲಾರದೆ ಎಲ್ಲರೂ ಇಳಿದೆವು.

ಮುದುಕಿ ಸೆರಗಿನ ಗಂಟಿನಿಂದ ಹತ್ತಿಯ ನೂಲೊಂದನ್ನು ತೆಗೆದು ಎರಡೂ ಕೈಯಲ್ಲಿ ಜಗ್ಗುತ್ತಿದ್ದರು. ಬೇಸಿಗೆಯ ಒಣ ಹವೆಗೆ ನೂಲು ಪಟಪಟನೆ ಹರಿಯುತ್ತದೆ. ನೇಕಾರರಿಗೆ ಅದೇ ದೊಡ್ಡ ಕಾಟ.

"ಯವ್ವಾ, ಫ್ಯಾನ್ ಬೇಕೇನು?" ಎಂದು ಮಹಾದೇವಪ್ಪನವರು ಕೇಳಿದರು.

"ಎದಕ್ಕೋ? ಈ ನೂಲ ನೋಡು, ಎಷ್ಟು ಜಗ್ಗಿದ್ರೂ ಹರೀವಲ್ದು. ಲಗೂ ನನ್ನ ಮಗ್ಗಾನೂ ಇಲ್ಲೇ ತರಸು!"

ಅರುಣಕುಮಾರ ಕೈಯಲ್ಲಿದ್ದ ಶಾಖದ ಮೀಟರು ನೋಡಿ ಗೊಣಗಿದ: "ಹೊರಗ ಮೂವತ್ತೊಂಬತ್ತು ಡಿಗ್ರಿ ಇತ್ತು. ಇಲ್ಲಿ... ಇಪ್ಪತ್ತೆಂಟು."

"ಜೋರಾಗಿ ಹೇಳ್ರಿ, ಸರ!" ಎಂದೆ.

ಮಹಾದೇವಪ್ಪನವರು ಈಗ ನಕ್ಕರು. "ಇಂಜಿನೇರ್, ಪ್ರಬುದ್ಧ ಹೇಳ್ತಾನ. ನೀವು ಬರಕೋರಿ."

ಆತ ಪೆನ್ನು ತೆಗೆದ. ನಾನು ಕೋಣೆಯ ನಡುವೆ ನಿಂತು, ಇಡೀ ಗುಡ್ಡಕ್ಕೆ ಕೇಳುವಂತೆ ಶುರು ಮಾಡಿದೆ.

"ಅಡಗಿಮನಿ ಮೂಡಣಕ್ಕ. ಮಳಿನೀರು ಒಳಗ ನುಗ್ಗದಂಗ ಸುತ್ತಲೂ ಗಟಾರ. ಮೂರು ಸಂಸಾರಕ್ಕ ಮೂರು ಕೋಣಿ, ಎಲ್ಲಾ ಹಿಂಗ. ತಪ್ಪು ಬರೀಬ್ಯಾಡ್ರಿ ಮತ್ತ!"