ಇಂಪ್ರಾಕ್ಟಿಕಬಲ್ ಮೇಷ್ಟ್ರು

ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರಿಗೆ ಮಕ್ಕಳು ಇಟ್ಟಿದ್ದ ಹೆಸರು ಇಂಪ್ರಾಕ್ಟಿಕಬಲ್ ಮೇಷ್ಟ್ರು. ಹೆಸರು ಸುಮ್ಮನೆ ಬಂದದ್ದಲ್ಲ. ಮರದ ಕೆಳಗೆ ಪಾಠ ಮಾಡಿ ಸಾರ್ ಎಂದರೆ ಇಂಪ್ರಾಕ್ಟಿಕಬಲ್, ಬೆಂಚುಗಳನ್ನು ಸುತ್ತಲೂ ಹಾಕೋಣ ಎಂದರೆ ಇಂಪ್ರಾಕ್ಟಿಕಬಲ್. ಪ್ರತಿ ವರ್ಷ ಒಂದು ಪೀರಿಯಡ್ಡನ್ನು ಆ ಪದಕ್ಕೆಂದೇ ಮೀಸಲಿಡುತ್ತಿದ್ದರು.

"ಇಂಪ್ರಾಕ್ಟಿಕಲ್ ಬೇರೆ, ಇಂಪ್ರಾಕ್ಟಿಕಬಲ್ ಬೇರೆ. ಈಜುಕೊಳಾನ ಲೋಟದಲ್ಲಿ ಮೊಗೆದು ಖಾಲಿ ಮಾಡ್ತೀನಿ ಅಂದ್ರೆ ಅದು ಇಂಪ್ರಾಕ್ಟಿಕಲ್. ಮಾಡಬಹುದು, ಮಾಡೋಷ್ಟರಲ್ಲಿ ಹೆಣ ಬೀಳತ್ತೆ. ಕಡಲನ್ನೇ ಲೋಟದಲ್ಲಿ ಖಾಲಿ ಮಾಡ್ತೀನಿ ಅಂದ್ರೆ ಇಂಪ್ರಾಕ್ಟಿಕಬಲ್. ತಿಪ್ಪರಲಾಗ ಹಾಕಿದ್ರೂ ಆಗಲ್ಲ. ಮನುಷ್ಯರಿಗೆ ಮೊದಲನೇ ಪದ ಅನ್ನಬಹುದು, ಎರಡನೇದು ಯೋಜನೆಗೆ ಮಾತ್ರ."

ಪಾಠದಲ್ಲಿ ಇಷ್ಟು ಕಟ್ಟುನಿಟ್ಟು. ಬಳಕೆಯಲ್ಲಿ ಮಾತ್ರ ಅವರ ಬಾಯಿಗೆ ಬರುತ್ತಿದ್ದದ್ದು ಯಾವಾಗಲೂ ಎರಡನೆಯದೇ.

ಮನೆಯಲ್ಲಿ ಆ ಪದದ ಏಟು ತಿನ್ನುತ್ತಿದ್ದವಳು ಅಕ್ಕ. ಮೇಷ್ಟ್ರಿಗಿಂತ ಆರು ವರ್ಷ ದೊಡ್ಡವಳು. ಇಬ್ಬರೂ ಮದುವೆಯಾಗಿರಲಿಲ್ಲ. ಐದು ಮಹಡಿಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವರ ವಾಸ. ಹಾಲಿನ ತುಂಬ ಅವಳ ಕತ್ತರಿಸುವ ಮೇಜು, ಎರಡು ಮಿಷಿನ್ನು, ಥಾನುಗಟ್ಟಲೆ ಪರದೆ ಬಟ್ಟೆ. ಊರಿನ ಅರ್ಧ ಕಿಟಕಿಗಳಿಗೆ ಮಾನ ಮುಚ್ಚಿದವಳು ನಾನೇ ಎಂದು ಅಕ್ಕ ಹೇಳಿಕೊಳ್ಳುತ್ತಿದ್ದಳು. ಅವಳ ತಲೆಯಲ್ಲಿ ದಿನಕ್ಕೊಂದು ಯೋಜನೆ ಹುಟ್ಟುತ್ತಿತ್ತು. ಸಂಜೆಯೊಳಗೆ ತಮ್ಮನ ಒಂದೇ ಮಾತಿಗೆ ಅದರ ಕತೆ ಮುಗಿಯುತ್ತಿತ್ತು.

ಆ ವಾರ ಮೇಷ್ಟ್ರು ಮನೆಯಲ್ಲೇ ಇದ್ದರು. ತರಗತಿಯಲ್ಲಿ ಕುರ್ಚಿ ಹತ್ತಿ ಭೂಪಟ ತೂಗುಹಾಕಲು ಹೋಗಿ ಬಿದ್ದು, ಎಡಗಾಲಿಗೆ ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಊರುಗೋಲು ಹಿಡಿದು ಬಚ್ಚಲಿಗೆ ಹೋಗಿಬರುವಷ್ಟರಲ್ಲೇ ಬೆವರು ಕಿತ್ತು ಬರುತ್ತಿತ್ತು.

ಮಧ್ಯಾಹ್ನ ಮೊದಲು ವಾಸನೆ ಬಂತು.

"ಇಸ್ತ್ರಿ ಪೆಟ್ಟಿಗೆ ಬಟ್ಟೆ ಮೇಲೆ ಬಿಟ್ಟಿದ್ದೀಯೇನೆ?" ಎಂದರು ಮಂಚದಿಂದಲೇ.

"ಕರೆಂಟೇ ಇಲ್ಲ. ಈಗಷ್ಟೇ ಹೋಯ್ತು," ಎಂದಳು ಅಕ್ಕ. ಮಿಷಿನ್ನಿನ ಮುಂದಿಂದ ಎದ್ದು ಹೋಗಿ ಬಾಗಿಲು ತೆರೆದಳು, ಮರುಕ್ಷಣವೇ ದಡಾರೆಂದು ಮುಚ್ಚಿದಳು. ಆ ಒಂದು ಕ್ಷಣದಲ್ಲಿ ಒಳಗೆ ನುಗ್ಗಿದ ಹೊಗೆ ಹಾಲಿನ ಸೂರಿಗೆ ಅಂಟಿಕೊಂಡು ಹರಡಿತು. ಕರ್ರಗೆ, ಎಣ್ಣೆಯಂತೆ ದಪ್ಪ.

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನೆಲಮಹಡಿಯಲ್ಲಿದ್ದದ್ದು ಹಾಸಿಗೆ ಅಂಗಡಿ. ಗೋಡೆಯಿಂದ ಗೋಡೆಗೆ ಫೋಮು.

ಮೇಷ್ಟ್ರು ಗೋಡೆ ಹಿಡಿದು ಮಂಚದ ಅಂಚಿಗೆ ಬಂದು ಕೂತರು. ಅಕ್ಕ ಎರಡು ಪರದೆ ನೆನೆಸಿ ಬಾಗಿಲ ಸಂದಿಗೆ ತುರುಕಿದಳು. ಕಿಟಕಿಯಿಂದ ಬಗ್ಗಿದರೆ ಬೀದಿ ಕಾಣುತ್ತಿರಲಿಲ್ಲ, ಬರೀ ಗದ್ದಲ. ಯಾರೋ ಮೈಕಿನಲ್ಲಿ ಕೂಗುತ್ತಿದ್ದರು: "ಕೆಳಗೆ ಇಳೀಬೇಡಿ. ಟೆರೇಸಿಗೆ ಹೋಗಿ. ಟೆರೇಸ್ ಬಾಗಿಲು ತೆಗೆಸಿದ್ದೀವಿ."

"ಪಕ್ಕದ ಕಟ್ಟಡದ ಬಾಲ್ಕನಿ ಹತ್ತಿರಾನೇ ಇದೆಯಲ್ಲ," ಎಂದಳು ಅಕ್ಕ. ಕಣ್ಣು ಆಗಲೇ ಮೇಜಿನ ಮೇಲಿತ್ತು. "ಮೇಜಿನ ಹಲಗೆ ಬಿಚ್ಚಿ ಅಡ್ಡ ಇಟ್ಟರೆ ದಾಟಬಹುದು."

"ಇಂಪ್ರಾಕ್ಟಿಕಬಲ್."

ಅಕ್ಕ ಬಾಲ್ಕನಿಗೆ ಹೋಗಿ ನಡುವಿನ ಕಂದಕ ನೋಡಿ ಬಂದಳು. "ಹೌದು ಕಣೋ. ಹಲಗೆ ಎಟಕೋದೇ ಇಲ್ಲ," ಎಂದಳು.

ಅಷ್ಟರಲ್ಲಿ ಬಚ್ಚಲಿನ ಗಾಳಿಕಂಡಿಯಿಂದ ಹೊಗೆ ಸುರಿಯತೊಡಗಿತು. ಬಾಗಿಲು ಮುಚ್ಚಿದರೂ ಅಡಿಯಿಂದ ತೆವಳಿ ಬಂತು. ಮೇಷ್ಟ್ರಿಗೆ ಕೆಮ್ಮು ಹತ್ತಿತು. ಇನ್ನು ಈ ಮನೆಯಲ್ಲಿ ಕೂರುವಂತಿಲ್ಲ ಎಂಬುದು ಸ್ಪಷ್ಟವಾಯಿತು, ಅದರ ಹಿಂದೆಯೇ ಈ ಕಾಲಲ್ಲಿ ತನಗೆ ಮೆಟ್ಟಿಲು ಹತ್ತಲಾಗದು ಎಂಬುದೂ.

"ಅಕ್ಕ, ನೀನು ಹೋಗು. ಮೇಲೆ ಹೋಗಿ ಯಾರನ್ನಾದರೂ ಕಳಿಸು," ಎಂದರು. ತಾನು ಹೇಳಿದ್ದನ್ನು ಅವಳು ನಿಜವಾಗಿ ಕೇಳಿಬಿಟ್ಟರೆ ಎಂಬ ಭಯಕ್ಕೆ ಅವರ ದನಿ ಒಡೆಯಿತು.

ಅಕ್ಕ ಕೇಳಿಸಿಕೊಳ್ಳಲೇ ಇಲ್ಲ. ದಪ್ಪ ಪರದೆಯೊಂದನ್ನು ನೆಲಕ್ಕೆ ಹಾಸಿದಳು. "ಇದರ ಮೇಲೆ ಮಲಗು. ನಾನು ಎಳ್ಕೊಂಡು ಹೋಗ್ತೀನಿ."

"ಮೆಟ್ಟಿಲು ಹತ್ತಿಸ್ತೀಯಾ? ನನ್ನನ್ನಾ? ಇಂಪ್ರಾಕ್ಟಿಕಬಲ್ ಅದು."

ಅಕ್ಕ ಅವರ ಮುಂದೆ ಮೊಣಕಾಲೂರಿದಳು. ಅವಳ ಗಲ್ಲ ಅದುರುತ್ತಿತ್ತು. ಅಕ್ಕನಿಗೂ ಹೆದರಿಕೆಯಾಗುತ್ತದೆ ಎಂದು ಮೇಷ್ಟ್ರು ಕಂಡದ್ದು ಆಗಲೇ.

"ಸರಿಯಾಗಿ ಹೇಳು. ಮನೇಲಿ ನೀನು ಟ್ಯೂಷನ್ ಮಾಡೋವಾಗ ಆ ಪಾಠ ನಾನೂ ಗೋಡೆಯಾಚೆಯಿಂದ ಕೇಳಿದ್ದೀನಿ. ಇದು ಈಜುಕೊಳಾನೋ, ಕಡಲೋ?"

ಮೇಷ್ಟ್ರು ಯೋಚಿಸಿದರು. ಎರಡು ಮಹಡಿ ಹತ್ತಬೇಕು. ಹೊಗೆ ಮೇಲ್ಗಡೆ ದಟ್ಟ, ನೆಲದ ಹತ್ತಿರ ತೆಳು. ಕೈ ಎರಡೂ ಗಟ್ಟಿ, ಒಂದು ಕಾಲೂ ಇದೆ. ಆಗುವುದಿಲ್ಲ ಎನ್ನಲು ಒಂದು ಕಾರಣವೂ ಸಿಗಲಿಲ್ಲ. ಇದ್ದದ್ದು ಭಯ ಮಾತ್ರ, ಇಷ್ಟು ವರ್ಷ ಅದಕ್ಕೆ ಒಳ್ಳೆಯ ಇಂಗ್ಲಿಷ್ ಅಂಗಿ ತೊಡಿಸಿದ್ದರು.

"ಈಜುಕೊಳ," ಎಂದರು.

"ಹಾಗಾದ್ರೆ ಏಳು."

ಒದ್ದೆ ಬಟ್ಟೆಯನ್ನು ಮೂಗಿಗೆ ಬಿಗಿದುಕೊಂಡು ಬಾಗಿಲು ತೆರೆದರು. ಪರದೆಯ ಮೇಲೆ ಮಲಗಿದ ಮೇಷ್ಟ್ರನ್ನು ಅಕ್ಕ ಅದರ ಎರಡು ಮೂಲೆ ಹಿಡಿದು ಮೊದಲ ಮೆಟ್ಟಿಲಿನವರೆಗೆ ಎಳೆದಳು. ಅಲ್ಲಿಗೆ ಅವಳ ಯೋಜನೆ ನಿಂತಿತು. ಮೆಟ್ಟಿಲ ಅಂಚಿಗೆ ಬಟ್ಟೆ ಸರಿಯುತ್ತಿತ್ತು, ಮೇಷ್ಟ್ರು ಜಾರಿ ಜಾರಿ ಹಿಂದಕ್ಕೆ ಬರುತ್ತಿದ್ದರು. ಎರಡು ಸಲ ಎಳೆದಳು, ಎರಡು ಸಲವೂ ಕೆಳಗೇ.

"ಬಟ್ಟೆ ಬಿಡು," ಎಂದರು ಮೇಷ್ಟ್ರು. "ನಾನು ಕೂತ್ಕೊಂಡೇ ಹತ್ತುತ್ತೀನಿ. ಹಿಂದಹಿಂದಕ್ಕೆ. ನೀನು ಪ್ಲಾಸ್ಟರ್ ಕಾಲು ಎತ್ತಿ ಹಿಡ್ಕೊ."

ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಹಿಂದಿನ ಮೆಟ್ಟಿಲಿಗೆ ಅಂಗೈ ಊರಿ, ಬಲಗಾಲಿನಿಂದ ಒದ್ದು ಮೈಯನ್ನು ಮೇಲಕ್ಕೆ ಎಸೆದರು. ಒಂದು ಮೆಟ್ಟಿಲು ಬಂತು. ಅಕ್ಕ ಎದುರಿಗೆ ಬಗ್ಗಿ, ಮಗುವನ್ನು ಎತ್ತಿಕೊಂಡಂತೆ ಪ್ಲಾಸ್ಟರ್ ಕಾಲನ್ನು ತೋಳಿನಲ್ಲಿಟ್ಟುಕೊಂಡು ಹತ್ತಿದಳು. ಇನ್ನೊಂದು ಮೆಟ್ಟಿಲು. ಕಣ್ಣು ಉರಿದು ಮುಚ್ಚಿಹೋದವು. ಕೆಳಗಿನಿಂದ ಏನೋ ಒಡೆಯುವ ಸದ್ದು, ಅದರ ಜೊತೆಗೆ ಬಿಸಿ ಉಸಿರೊಂದು ಮೆಟ್ಟಿಲುಗಳ ನಡುವಿನಿಂದ ಮೇಲೆದ್ದು ಬಂತು.

ತಿರುವಿನಲ್ಲಿ ಮೇಷ್ಟ್ರ ತಲೆ ಗೋಡೆಗೆ ಬಡಿಯಿತು. ಯಾವ ಕಡೆ ಮೆಟ್ಟಿಲು, ಯಾವ ಕಡೆ ಗೋಡೆ ತಿಳಿಯದಾಯಿತು.

"ಅಕ್ಕ, ಇದ್ದೀಯಾ?"

"ಕಾಲು ಹಿಡಿದಿರೋದು ಮತ್ಯಾರು? ಬಲಕ್ಕೆ ತಿರುಗು."

ಐದನೇ ಮಹಡಿ ದಾಟಿದ ಮೇಲೆ ಮತ್ತೆ ಕರೆದರು. ಈ ಸಲ ಉತ್ತರವಿಲ್ಲ. ಕೆಮ್ಮೂ ಕೇಳಲಿಲ್ಲ. ಕಾಲು ಮಾತ್ರ ಇನ್ನೂ ಎತ್ತಿ ಹಿಡಿದಂತೆಯೇ ಇತ್ತು. ಸತ್ತವಳ ಕೈಯಲ್ಲಿ ಕಾಲು ಇದೆಯೇನೋ ಎಂಬ ಯೋಚನೆ ಬಂದು ಮೇಷ್ಟ್ರ ಗಂಟಲಿನಿಂದ ತಮಗೇ ಗುರುತಿಲ್ಲದ ಒಂದು ಸ್ವರ ಹೊರಟಿತು. ಕೂಗಿದರು, ಮತ್ತೆ ಕೂಗಿದರು. ಕೂಗುತ್ತಲೇ ಒದ್ದರು, ಮೈ ಎಸೆದರು.

ಆ ಕೂಗು ಟೆರೇಸಿನವರೆಗೆ ಮುಟ್ಟಿತು. ಐದನೇ ಮಹಡಿಯ ಬಸ್ ಡ್ರೈವರ್ ಆಗಲೇ ಹೆಂಡತಿಯೊಂದಿಗೆ ಮೇಲೆ ಹೋಗಿದ್ದ. ಅವನು ಉಸಿರು ಬಿಗಿಹಿಡಿದು ಇಳಿದು ಬಂದು, ಮೇಷ್ಟ್ರ ಕಂಕುಳಿಗೆ ಕೈ ಹಾಕಿ ದರದರನೆ ಎಳೆದ. ಕಾಲು ಬಿಡದೆ ಹಿಡಿದಿದ್ದ ಅಕ್ಕನೂ ಅದರ ಜೊತೆಗೇ, ಕಣ್ಣು ಮುಚ್ಚಿಕೊಂಡು, ಅರ್ಧ ತೆವಳುತ್ತ ಬೆಳಕಿಗೆ ಬಂದಳು. ಮೇಲೆ ಬಂದವಳು ವಾಂತಿ ಮಾಡಿಕೊಂಡಳು, ಆಮೇಲೆ ಉಸಿರಾಡಿದಳು.

ಬೆಂಕಿ ಆರಿಸಿದವರು ಏಣಿಯಿಂದ ಎಲ್ಲರನ್ನೂ ಇಳಿಸಿದರು. ಆಸ್ಪತ್ರೆಯಲ್ಲಿ ಇಬ್ಬರ ಮೂಗಿಗೂ ಆಮ್ಲಜನಕದ ಕೊಳವೆ ಹಾಕಿ ಅಕ್ಕಪಕ್ಕದ ಮಂಚದಲ್ಲಿ ಮಲಗಿಸಿದರು. ಎದೆಗೆ ತೊಂದರೆಯಿಲ್ಲ, ಎರಡು ದಿನ ಇದ್ದು ಹೋಗಿ ಎಂದರು ಡಾಕ್ಟರು. ಮೇಷ್ಟ್ರ ಅಂಗೈಗಳ ಚರ್ಮ ಸುಲಿದಿತ್ತು. ನರ್ಸಮ್ಮ ಅದಕ್ಕೆ ಮುಲಾಮು ಹಚ್ಚಿ, ಅಕ್ಕನ ಕಡೆ ತಿರುಗಿದಳು. ಅಕ್ಕನ ಬಲಗೈ ಮಂಚದಿಂದ ಮಂಚಕ್ಕೆ ಚಾಚಿ, ತಮ್ಮನ ಪೈಜಾಮದ ಅಂಚನ್ನು ಮುಷ್ಟಿಯಲ್ಲಿ ಹಿಡಿದಿತ್ತು.

"ಕೈ ಬಿಡಿಮ್ಮಾ, ಎರಡೂ ಕೈಯಲ್ಲಿ ಉಗುರು ಕಿತ್ತುಬಂದಿದೆ, ಕಟ್ಟು ಹಾಕಬೇಕು."

ಅಕ್ಕ ಬಿಡಲು ನೋಡಿದಳು. ಬೆರಳುಗಳು ಅವಳ ಮಾತು ಕೇಳಲಿಲ್ಲ. ಈಗ ಅವಳ ಇಡೀ ಮೈ ನಡುಗುತ್ತಿತ್ತು. ಮೆಟ್ಟಿಲ ಮೇಲೆ ನಡುಗಲು ಪುರುಸೊತ್ತಿಲ್ಲದೆ ಬಾಕಿ ಉಳಿದದ್ದೆಲ್ಲ ಈಗ ಬಂದಿತ್ತು.

"ಬಂದಾಯ್ತು ಕಣೆ ಅಕ್ಕ," ಎಂದರು ಮೇಷ್ಟ್ರು.

"ಗೊತ್ತು," ಎಂದಳು. ಮುಷ್ಟಿ ಹಾಗೆಯೇ ಇತ್ತು.

"ಇರಲಿ ಬಿಡಿ, ಸಿಸ್ಟರ್. ಮೊದಲು ಆ ಎಡಗೈ ನೋಡಿ," ಎಂದು ಮೇಷ್ಟ್ರು ತಮ್ಮ ಮಂಚದ ಅಂಚಿಗೆ, ಅವಳ ಕೈ ಹೆಚ್ಚು ಚಾಚದೆ ಎಟಕುವಷ್ಟು ಹತ್ತಿರಕ್ಕೆ, ಸರಿದು ಮಲಗಿದರು.